ಪುಣೇದಾಗ ನನಗ ಯಾರೂ ಇಲ್ಲ

ಕಳೆದ ಫೆಬ್ರುವರಿಯ ಒಂದು ಗುರುವಾರ ರಾತ್ರಿ 11 ಗಂಟೆ 40 ನಿಮಿಷಕ್ಕೆ ನಾನು ಒಂದು ಆಕ್ಸಿಜನ್ ಯಂತ್ರವನ್ನು ಆರ್ಡರ್ ಮಾಡಿದೆ. ಬೆಲೆ 46 ಸಾವಿರ ರೂಪಾಯಿ. ದುಡ್ಡು ಕಟ್ಟಿದ ನಾನು ಪುಣೆಯ ವಾಕಡಿನಲ್ಲಿದ್ದೆ. ಯಂತ್ರ ಹೋಗಬೇಕಾಗಿದ್ದದ್ದು ಧಾರವಾಡ ಜಿಲ್ಲೆಯ ನವಲಗುಂದದ ನಮ್ಮ ಮನೆಗೆ. ಅದನ್ನು ಬಳಸಬೇಕಾಗಿದ್ದ ಅವ್ವ ಆ ಹೊತ್ತಿಗೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಮಲಗಿದ್ದಳು. ಸಮಯ ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣ, ಆ ರಾತ್ರಿಯ ಒಟಿಪಿ ಸಂದೇಶವನ್ನು ನಾನು ಇನ್ನೂ ಮೊಬೈಲಿನಿಂದ ಅಳಿಸಿಲ್ಲ.

ಅವ್ವನ ಶ್ವಾಸಕೋಶ ಕೆಟ್ಟಿದ್ದು ಒಂದು ದಿನದಲ್ಲಿ ಅಲ್ಲ. ನಮ್ಮ ಮನೆಗೆ ಗ್ಯಾಸು ಬರುವವರೆಗೆ ಮೂವತ್ತು ವರ್ಷ ಒಲೆಯ ಮುಂದೆ ಕೂತು ರೊಟ್ಟಿ ಬಡಿದವಳು. ಗುರುವಾರ ಸಂಜೆ ಡಾಕ್ಟರು ಹೇಳಿದರು: ಸೋಮವಾರ ಮನೆಗೆ ಕಳಿಸುತ್ತೇವೆ, ಆದರೆ ದಿನಕ್ಕೆ 15 ತಾಸಾದರೂ ಆಕ್ಸಿಜನ್ ಬೇಕು, ಮನೆಯಲ್ಲಿ ಯಂತ್ರ ತಂದಿಟ್ಟ ಮೇಲೆಯೇ ಕರೆದುಕೊಂಡು ಹೋಗಿ. ಸುತ್ತಲಿನ ಗಾಳಿಯನ್ನು ಒಳಗೆಳೆದು, ಅದರೊಳಗಿನ ಸಾರಜನಕವನ್ನು ಹಿಡಿದಿಟ್ಟು, ನೂರಕ್ಕೆ 90ಕ್ಕಿಂತ ಹೆಚ್ಚು ಆಮ್ಲಜನಕವಿರುವ ಗಾಳಿಯನ್ನು ಕೊಳವೆಯಲ್ಲಿ ಬಿಡುವ ಯಂತ್ರ ಅದು. ಸಿಲಿಂಡರ್ ಹೊತ್ತು ತಿರುಗುವ ಗೋಜು ಇಲ್ಲ, ಕರೆಂಟ್ ಒಂದು ಇದ್ದರಾಯಿತು.

ಆಸ್ಪತ್ರೆಯಲ್ಲಿ ಅಪ್ಪನ ಜೊತೆಗಿದ್ದ ಅಕ್ಕ ಫೋನಿನಲ್ಲಿ ಹೇಳಿದಳು: "ಇಲ್ಲೇ ಎದುರಿಗೆ ಅಂಗಡಿ ಅದಾವಲ್ಲೋ, ಇಲ್ಲೇ ಕೇಳೋಣು." ನಾನು ಕೇಳಲಿಲ್ಲ. ಆನ್‌ಲೈನಿನಲ್ಲಿ ಎಂಟು ಸಾವಿರ ಕಡಿಮೆ ಇತ್ತು, ಎರಡು ವರ್ಷದ ವಾರಂಟಿ ಇತ್ತು, ಶನಿವಾರವೇ ಮನೆ ಬಾಗಿಲಿಗೆ ಬರುತ್ತದೆ ಅಂತಲೂ ಇತ್ತು. ಇಪ್ಪತ್ತು ವರ್ಷದಿಂದ ಊರು ಬಿಟ್ಟಿರುವ ಮಗನಿಗೆ, ಕೂತಲ್ಲಿಂದಲೇ ಏನಾದರೂ ಮಾಡಿದೆ ಎಂಬ ಸಮಾಧಾನವೂ ಬೇಕಿತ್ತೆನ್ನಿ. ವಿಳಾಸ ನವಲಗುಂದದ್ದು ಹಾಕಿದೆ. ಕೊರಿಯರ್ ಹುಡುಗರು ದಾರಿ ಕೇಳಲಿ ಅಂತ ಅಪ್ಪನ ಮೊಬೈಲ್ ನಂಬರ್ ಕೊಟ್ಟೆ. ಅಪ್ಪನಿಗೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ "ಇಷ್ಟ್ ರೊಕ್ಕಾ ಯಾಕ ಹಾಕ್ತಿ ತಮ್ಮಾ" ಅಂತ ತಡೆಯುತ್ತಿದ್ದರು. ಬಂದ ಮೇಲೆ ಗೊತ್ತಾಗಲಿ ಅಂತ ಅಕ್ಕನಿಗೂ ಬಾಯಿ ಬಿಡಬೇಡ ಅಂದೆ.

ಶುಕ್ರವಾರ ಮಧ್ಯಾಹ್ನ ಮೇಲ್ ಬಂತು. ನಿಮ್ಮ ಸುರಕ್ಷತೆಯ ದೃಷ್ಟಿಯಿಂದ ಈ ಆರ್ಡರನ್ನು ಪರಿಶೀಲಿಸಿದೆವು, ವಿವರಗಳು ತಾಳೆಯಾಗದ ಕಾರಣ ರದ್ದು ಮಾಡಿದ್ದೇವೆ, ಹಣ 5ರಿಂದ 7 ಕೆಲಸದ ದಿನಗಳಲ್ಲಿ ನಿಮ್ಮ ಕಾರ್ಡಿಗೆ ಮರಳುತ್ತದೆ, ಅಡಚಣೆಗೆ ವಿಷಾದವಿದೆ. ನಾನು ಅದೇ ಅಂಗಡಿಯಲ್ಲಿ 12 ವರ್ಷದಿಂದ ಬಲ್ಬು, ಬಕೆಟ್ಟು, ಮಕ್ಕಳ ಬೂಟು, ಪುಸ್ತಕ ಎಲ್ಲ ತರಿಸಿಕೊಂಡವನು. ಫೋನ್ ಮಾಡಿದೆ. ಆ ಕಡೆಯ ಹುಡುಗಿ ಬಹಳ ವಿನಯದಿಂದ ಮಾತನಾಡಿದಳು. ಏನು ತಾಳೆಯಾಗಲಿಲ್ಲ ಅಂತ ಮೂರು ಸಲ ಕೇಳಿದೆ. "ಸರ್, ಕಾರಣ ನಮ್ಮ ಸ್ಕ್ರೀನಿನಲ್ಲೂ ಕಾಣಿಸೋದಿಲ್ಲ" ಅಂದಳು.

ಅವಳು ಸುಳ್ಳು ಹೇಳುತ್ತಿಲ್ಲ ಅಂತ ನನಗೆ ಗೊತ್ತಿತ್ತು. ಯಾಕೆಂದರೆ ಅಂಥದೇ ಒಂದು ಸ್ಕ್ರೀನಿನಿಂದ ಆ ಕಾರಣವನ್ನು ತೆಗೆಸಿದವರಲ್ಲಿ ನಾನೂ ಒಬ್ಬ.

ನನ್ನ ಕೆಲಸದ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಸುರತ್ಕಲ್ಲಿನಲ್ಲಿ ಎಂಟೆಕ್ ಮುಗಿಸಿ 2006ರಲ್ಲಿ ಪುಣೆಗೆ ಬಂದವನು ನಾನು. ಈಗ ಹಿಂಜವಡಿಯ ಒಂದು ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಮೂರು ವರ್ಷ ನನ್ನ ತಂಡ ಮಾಡಿದ್ದು, ಹೊರದೇಶದ ಒಂದು ದೊಡ್ಡ ಅಂಗಡಿಗೆ ಮೋಸದ ಆರ್ಡರುಗಳನ್ನು ಹಿಡಿಯುವ ವ್ಯವಸ್ಥೆ. ಪ್ರತಿ ಆರ್ಡರಿಗೂ ಒಂದು ಅಂಕ ಹಾಕುವುದು. ಹೊಸ ವಿಳಾಸವೇ, ಇಷ್ಟು ಅಂಕ. ಹೊಸ ಫೋನ್ ನಂಬರೇ, ಇನ್ನಷ್ಟು. ರಾತ್ರಿ ಹೊತ್ತೇ, ದೊಡ್ಡ ಮೊತ್ತವೇ, ಈ ಗಿರಾಕಿ ಹಿಂದೆಂದೂ ಕೊಳ್ಳದ ಮಾಲೇ, ಆರ್ಡರ್ ಮಾಡಿದ ಊರಿಗೂ ಮಾಲು ಹೋಗುವ ಊರಿಗೂ ನೂರಾರು ಕಿಲೋಮೀಟರ್ ದೂರವೇ, ಎಲ್ಲಕ್ಕೂ ಅಂಕ. ಕೂಡಿ ಬಂದ ಮೊತ್ತ ಒಂದು ಗೆರೆ ದಾಟಿದರೆ ತಡೆ. ಕಾರಣವನ್ನು ಗಿರಾಕಿಗೆ ಹೇಳಬಾರದು, ಕರೆ ಸ್ವೀಕರಿಸುವವರಿಗೂ ತೋರಿಸಬಾರದು. ತೋರಿಸಿದರೆ ಕಳ್ಳರು ಕಲಿತುಬಿಡುತ್ತಾರೆ. ಈ ವಾದ ತಪ್ಪಲ್ಲ, ಇವತ್ತಿಗೂ ನಾನು ಅದನ್ನು ಒಪ್ಪುತ್ತೇನೆ.

ಆ ಮಧ್ಯಾಹ್ನ ಕ್ಯಾಂಟೀನಿನ ಮೂಲೆಯಲ್ಲಿ ಕೂತು ನನ್ನ ಅಂಕವನ್ನು ನಾನೇ ಕೂಡಿದೆ. ಹನ್ನೆರಡು ವರ್ಷ 411ರಿಂದ ಶುರುವಾಗುವ ಪಿನ್‌ಕೋಡಿಗೆ ಮಾಲು ತರಿಸಿದವನು ಇದ್ದಕ್ಕಿದ್ದಂತೆ 582ಕ್ಕೆ ಕಳಿಸುತ್ತಿದ್ದಾನೆ. ನಂಬರ್ ಬೇರೆಯವರದ್ದು. ನಡುರಾತ್ರಿ. 46 ಸಾವಿರ. ಅದೂ ಆಕ್ಸಿಜನ್ ಯಂತ್ರ. 2021ರ ಎರಡನೇ ಅಲೆಯಲ್ಲಿ ಇದೇ ಯಂತ್ರದ ಹೆಸರಲ್ಲಿ ಎಷ್ಟು ನಕಲಿ ಮಾರಾಟ, ಎಷ್ಟು ಕಾಳಸಂತೆ ನಡೆಯಿತೆಂದು ನಮಗೆಲ್ಲ ನೆನಪಿದೆ. ನಾನೇ ಆ ಗೆರೆಯ ಕಾವಲಿಗಿದ್ದಿದ್ದರೂ ಈ ಮನುಷ್ಯನನ್ನು ತಡೆಯುತ್ತಿದ್ದೆ.

ಆದರೆ ಇನ್ನೊಂದು ಸಲ ನೋಡಿ. ದುಡಿಯುವುದು ಒಂದು ಊರಲ್ಲಿ, ಅಪ್ಪ ಅವ್ವ ಇನ್ನೊಂದು ಊರಲ್ಲಿ, ಅವರಿಗೆ ಬೇಕಾದದ್ದು ನೆನಪಾಗುವುದು ಕಚೇರಿ, ಮಕ್ಕಳ ಹೋಮ್‌ವರ್ಕು ಎಲ್ಲ ಮುಗಿದ ಮೇಲೆ ರಾತ್ರಿ ಹನ್ನೊಂದಕ್ಕೆ. ಇದು ಕಳ್ಳನ ಲಕ್ಷಣವಾದರೆ, ಇದನ್ನು ಓದುತ್ತಿರುವ ನಿಮ್ಮಲ್ಲಿ ಅರ್ಧದಷ್ಟು ಜನ ಆ ಪಟ್ಟಿಯಲ್ಲಿದ್ದೀರಿ. ಊರು ಬಿಟ್ಟವನ ಬದುಕೇ ಆ ಯಂತ್ರದ ಕಣ್ಣಿಗೆ ಅನುಮಾನದ್ದು.

ಸಂಜೆ ಹೆಂಡತಿಯ ಕಾರ್ಡಿನಿಂದ ಮತ್ತೆ ಪ್ರಯತ್ನಿಸಿದೆ. ಒಂದೇ ಖಾತೆಯಲ್ಲಿ, ಕೆಲವೇ ತಾಸುಗಳ ಅಂತರದಲ್ಲಿ, ಬೇರೆ ಹೆಸರಿನ ಕಾರ್ಡು. ತಿಳಿದವನು ಮಾಡುವ ಕೆಲಸವಲ್ಲ, ಆದರೆ ಆತಂಕದಲ್ಲಿದ್ದವನು ಮಾಡುವುದು ಅದನ್ನೇ. ಈ ಸಲ ಆರ್ಡರ್ ರದ್ದಾಗುವುದರ ಜೊತೆಗೆ ಖಾತೆಯೇ ಬಂದ್ ಆಯಿತು. ಶನಿವಾರ ಬೆಳಿಗ್ಗೆ ಬೇರೊಂದು ಅಂಗಡಿಯಲ್ಲಿ ಅಪ್ಪನ ಡೆಬಿಟ್ ಕಾರ್ಡಿನಿಂದ ಕಟ್ಟೋಣವೆಂದುಕೊಂಡೆ. ವಿಳಾಸ, ನಂಬರ್, ಹೆಸರು ಎಲ್ಲ ಒಂದೇ ಆಗುತ್ತದಲ್ಲ. ಆಗ ನೆನಪಾಯಿತು, ಆ ಕಾರ್ಡಿನ ಆನ್‌ಲೈನ್ ಬಳಕೆಯನ್ನು ಒಂದು ವರ್ಷದ ಹಿಂದೆ ನಾನೇ ಕೈಯಾರೆ ಮುಚ್ಚಿಸಿದ್ದೆ.

ಎಂಟೆಕ್ ಓದಿದವನಿಗೆ ಸಿಟ್ಟು ಬಂದರೂ ಲೆಕ್ಕ ಹಾಕುವ ಚಟ ಹೋಗುವುದಿಲ್ಲ. ಒಂದು ಲಕ್ಷ ಆರ್ಡರಿನಲ್ಲಿ 100 ಮೋಸದವು ಇವೆ ಅಂತ ಇಟ್ಟುಕೊಳ್ಳೋಣ. ಯಂತ್ರ ಭಾರೀ ಚುರುಕು: ನೂರು ಕಳ್ಳರಲ್ಲಿ 99 ಜನರನ್ನು ಹಿಡಿಯುತ್ತದೆ, ಸಾಚಾ ಗಿರಾಕಿಗಳಲ್ಲಿ ನೂರಕ್ಕೆ ಒಬ್ಬರನ್ನು ಮಾತ್ರ ತಪ್ಪಾಗಿ ತಡೆಯುತ್ತದೆ. ಕೇಳಲಿಕ್ಕೆ ಎಷ್ಟು ಚೆಂದ! ಈಗ ಎಣಿಸಿ. ಸಿಕ್ಕ ಕಳ್ಳರು 99. ಉಳಿದ 99,900 ಸಾಚಾ ಜನರಲ್ಲಿ ನೂರಕ್ಕೆ ಒಬ್ಬರೆಂದರೆ 999. ಅಂದರೆ ಯಂತ್ರ ತಡೆದ ಪ್ರತಿ ಹನ್ನೊಂದು ಜನರಲ್ಲಿ ಹತ್ತು ಜನ ಏನೂ ತಪ್ಪು ಮಾಡದವರು. ಕಳ್ಳರು ಕಡಿಮೆ ಇರುವ ಲೋಕದಲ್ಲಿ ಜರಡಿ ಎಷ್ಟೇ ಚಲೋ ಇದ್ದರೂ ಹೀಗೇ ಆಗುತ್ತದೆ. ಅವ್ವ ಜೋಳ ಹಸನು ಮಾಡುವಾಗ ಮೊರದಿಂದ ಹೊಟ್ಟಿನ ಜೊತೆ ನಾಲ್ಕು ಕಾಳೂ ಹಾರುತ್ತಿದ್ದವು. ಕೋಳಿ ತಿನ್ನಲಿ ಬಿಡು ಅನ್ನುತ್ತಿದ್ದಳು. ನಮ್ಮ ಪ್ರಾಜೆಕ್ಟಿನ ಸ್ಲೈಡುಗಳಲ್ಲಿ ಆ ನಾಲ್ಕು ಕಾಳಿಗೆ "ಒಪ್ಪಬಹುದಾದ ನಷ್ಟ" ಎಂಬ ಹೆಸರಿತ್ತು. ಆ ಸ್ಲೈಡನ್ನು ನಾನೇ ಓದಿ ಹೇಳಿದ್ದೆ, ಯಾರೂ ಪ್ರಶ್ನೆ ಕೇಳಿರಲಿಲ್ಲ.

ಅಪ್ಪನ ಕಾರ್ಡನ್ನು ನಾನು ಯಾಕೆ ಮುಚ್ಚಿಸಿದ್ದೆ ಅನ್ನುವುದನ್ನು ಈಗ ಹೇಳಬೇಕು.

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆ ಅಂತ ಪ್ರಮಾಣಪತ್ರ ಕೊಡಬೇಕಲ್ಲ, ಅದರ ಹಿಂದಿನ ನವೆಂಬರಿನಲ್ಲಿ ಅಪ್ಪನಿಗೆ ಒಂದು ಫೋನ್ ಬಂತು. "ಗುರುಗಳ, ನಮಸ್ಕಾರ್ರೀ. ಆರಾಮ ಇದ್ದೀರೇನ್ರಿ?" ಅಚ್ಚ ನಮ್ಮ ಕಡೆಯ ಕನ್ನಡ. ಅಪ್ಪನ ಪೂರ್ತಿ ಹೆಸರು, ನಿವೃತ್ತರಾದ ವರ್ಷ, ಪಿಂಚಣಿ ಬರುವ ಬ್ಯಾಂಕು ಎಲ್ಲ ಆ ಕಡೆಯವನಿಗೆ ಗೊತ್ತಿತ್ತು. ಈ ವಯಸ್ಸಿನಾಗ ನೀವು ಬ್ಯಾಂಕಿನ ತನಕಾ ಬರೋದು ಬ್ಯಾಡ್ರಿ, ಫೋನಿನಾಗ ಮಾಡಿಕೊಡ್ತೀನಿ ಅಂದ. ಕಾರ್ಡಿನ ನಂಬರ್ ಕೇಳಿದ. ಆಮೇಲೆ ಬಂದ ಒಟಿಪಿ ಕೇಳಿದ. ಅಪ್ಪ ಕನ್ನಡಕ ಹಾಕಿಕೊಂಡು, ಒಂದೊಂದೇ ಅಂಕಿಯನ್ನು ಮಗ್ಗಿ ಹೇಳಿಕೊಟ್ಟಷ್ಟು ಸ್ಪಷ್ಟವಾಗಿ ಮೂರು ಸಲ ಓದಿ ಹೇಳಿದರು. 25 ಸಾವಿರ, 25 ಸಾವಿರ, 12 ಸಾವಿರ. ಒಟ್ಟು 62 ಸಾವಿರ ಹೋಯಿತು. ಕರೆಂಟ್ ಬಿಲ್ ಕಟ್ಟಲು ಅನುಕೂಲವಾಗಲಿ ಅಂತ ಆ ಕಾರ್ಡಿನ ಆನ್‌ಲೈನ್ ಬಳಕೆಯನ್ನು ತೆರೆದುಕೊಟ್ಟವನು ನಾನೇ.

ಯಾವ ಯಂತ್ರವೂ ತಡೆಯಲಿಲ್ಲ. ಕಾರ್ಡು ಸರಿ, ಮೊಬೈಲು ಸರಿ, ಒಟಿಪಿ ಸರಿ. ನಮ್ಮ ದೇಶದಲ್ಲಿ ಕಾರ್ಡಿನ ಆನ್‌ಲೈನ್ ಪಾವತಿಗೆ ಎರಡನೇ ಗುರುತು ಬೇಕೇಬೇಕೆಂದು ರಿಸರ್ವ್ ಬ್ಯಾಂಕು ನಿಯಮ ಮಾಡಿ, 2009ರ ಆಗಸ್ಟ್ 1ರಿಂದ ಜಾರಿಗೆ ತಂದಿತು. ಮೊದಮೊದಲು ಒಂದು ಗುಪ್ತಪದ ನೆನಪಿಡಬೇಕಿತ್ತು, ಆಮೇಲೆ ಒಟಿಪಿ ಬಂತು. ಕಾರ್ಡು ಕದ್ದವನಿಗೆ, ನಂಬರ್ ಕದ್ದವನಿಗೆ ಅದು ಬಾಗಿಲು ಹಾಕಿತು. ಆದರೆ ಒಟಿಪಿಗೆ ತಿಳಿಯುವುದು ಫೋನ್ ಯಾರ ಕೈಯಲ್ಲಿದೆ ಅನ್ನುವುದು ಮಾತ್ರ. ಆ ಕೈಯ ಹಿಂದಿರುವ ಮನುಷ್ಯ ಯಾರ ಮಾತು ನಂಬಿಕೊಂಡು ಕೂತಿದ್ದಾನೆ ಅನ್ನುವುದು ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಕಳ್ಳರು ಬಾಗಿಲು ಒಡೆಯುವುದನ್ನು ಬಿಟ್ಟು, ಮನೆಯವರ ಕೈಯಿಂದಲೇ ಚಿಲಕ ತೆಗೆಸುವುದನ್ನು ಕಲಿತರು.

ಅಪ್ಪ ಇದನ್ನು ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ. ಅಕ್ಕನ ಕೈಗೆ ಪಾಸ್‌ಬುಕ್ ಸಿಕ್ಕಾಗಲೇ ಗೊತ್ತಾದದ್ದು. ಇಂಥದ್ದು ನಡೆದ ಕೂಡಲೇ 1930ಕ್ಕೆ ಫೋನ್ ಮಾಡಿದರೆ ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಸಾಧ್ಯತೆಯಾದರೂ ಇರುತ್ತದೆ. ಹನ್ನೊಂದು ದಿನದ ಮೇಲೆ ಉಳಿದದ್ದು ದೂರಿನ ನಂಬರ್ ಒಂದೇ. ಬ್ಯಾಂಕಿನವರು 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ ತೋರಿಸಿದರು. ತಪ್ಪು ಬ್ಯಾಂಕಿನದ್ದಾಗಿದ್ದರೆ ಗಿರಾಕಿಗೆ ಹೊಣೆ ಇಲ್ಲ. ಹೊರಗಿನವರ ಕೈವಾಡವಿದ್ದು, ಇಬ್ಬರ ತಪ್ಪೂ ಇಲ್ಲದಿದ್ದರೆ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೂ ಇಲ್ಲ. ಆದರೆ ಗಿರಾಕಿಯೇ ಗುಟ್ಟಿನ ವಿವರ ಕೊಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟ ಅವನದೇ. ಅದಕ್ಕೆ ಅವರು ಬಳಸಿದ ಪದ "ನಿರ್ಲಕ್ಷ್ಯ". ಮೂವತ್ತೈದು ವರ್ಷ ಒಂದು ದಿನವೂ ಹಾಜರಿ ಪುಸ್ತಕ ತಡವಾಗಿ ತೆರೆಯದ ಮನುಷ್ಯ ಆ ಪದವನ್ನು ಎರಡು ಸಲ ಓದಿ ಕಾಗದ ಮಡಚಿಟ್ಟರು.

ಆಗ ನಾನೇನು ಮಾಡಿದೆ? ಕೂಗಾಡಿದೆ. "ಅಪ್ಪಾ, ಕಲಿತವರು ನೀವು, ಹೆಂಗ ಕೊಟ್ರಿ ಒಟಿಪಿ?" ಅಂತ ಫೋನಿನಲ್ಲೇ ಕೂಗಿದೆ. ಆ ಕಡೆ ಬಹಳ ಹೊತ್ತು ಸುಮ್ಮನಿದ್ದು ಅಪ್ಪ ಹೇಳಿದರು: "ನನ್ನ ಗುರುಗಳ ಅಂತ ಯಾರರೆ ಕರದು ಆರು ತಿಂಗಳಾಗಿತ್ತು ತಮ್ಮಾ."

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ನನ್ನಂಥವರು ಮಾಡುವುದನ್ನೇ ಮಾಡಿದೆ: ನಿಯಮಾವಳಿ ಬರೆದೆ. ದೀಪಾವಳಿ ಮುಗಿದ ಮೇಲಿನ ವಾರ ಊರಿಗೆ ಹೋದಾಗ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದೆ. ಒಂದು, ಒಟಿಪಿ ದೇವರು ಕೇಳಿದರೂ ಹೇಳಬಾರದು. ಎರಡು, ಹೆಸರು, ವಿಳಾಸ, ಪಿನ್‌ಕೋಡ್ ಏನು ಕೇಳಿದರೂ ಹೌದು ಅನ್ನಬಾರದು. ಮೂರು, ಮಕ್ಕಳು ಎಲ್ಲಿದ್ದಾರೆ, ಏನು ಮಾಡುತ್ತಾರೆ ಅಂತ ಹೊರಗಿನವರಿಗೆ ತಿಳಿಸಬಾರದು. ನಾಲ್ಕು, ಪಾರ್ಸಲ್ ಬಂದಿದೆ ಅಂದರೆ, ನಾನು ಏನೂ ತರಿಸಿಲ್ಲ ಅಂತ ಹೇಳಿ ಫೋನ್ ಇಡಬೇಕು. ಅಪ್ಪ ಅದನ್ನು ಪಾಠದ ಹಾಗೆ ಗಟ್ಟಿಯಾಗಿ ಓದಿದರು. ಹೊಸ ವಿದ್ಯಾರ್ಥಿಯ ಹಾಗೆ ಕಂಡರು. ನನಗೆ ಅದನ್ನು ನೋಡಲಾಗದೆ ಚಹಾ ಕುಡಿಯುವ ನೆಪದಲ್ಲಿ ಒಳಗೆ ಹೋದೆ.

ಈಗ ಮತ್ತೆ ಆ ಫೆಬ್ರುವರಿಗೆ ಬರುತ್ತೇನೆ. ಶನಿವಾರ ರಾತ್ರಿ ಬಸ್ ಹತ್ತಿದೆ. ಕೊಲ್ಹಾಪುರ, ಬೆಳಗಾವಿ ದಾಟಿ ಬೆಳಗಿನ ಜಾವ ಹುಬ್ಬಳ್ಳಿಯಲ್ಲಿ ಇಳಿದು ನೇರ ಆಸ್ಪತ್ರೆಗೆ ಹೋದೆ. ಅವ್ವನ ಮೂಗಿಗೆ ಕೊಳವೆ ಇತ್ತು. ನನ್ನನ್ನು ನೋಡಿ ನಕ್ಕಳು. ಅಪ್ಪ ನಾನು ಅಂದುಕೊಂಡದ್ದಕ್ಕಿಂತ ಗೆಲುವಾಗಿದ್ದರು. ಕೂರಿಸಿಕೊಂಡು, ದನಿ ತಗ್ಗಿಸಿ ಹೇಳಿದರು:

"ಶುಕ್ರವಾರ ಮತ್ತೊಬ್ಬ ಕಳ್ಳಾ ಫೋನ್ ಮಾಡಿದ್ದಾ ತಮ್ಮಾ. ಹಿಂದೀದಾಗ, ಭಾಳ ಅವಸರದಾಗ ಮಾತಾಡಿದಾ. ನನ್ನ ಹೆಸರು ಹೇಳಿದಾ, ನವಲಗುಂದ ಅಂದಾ, ಪಿನ್‌ಕೋಡ್ ಹೇಳ್ರಿ ಅಂದಾ. ಪುಣೇದಾಗಿಂದ ನಿಮ್ಮವರು ನಲವತ್ತಾರು ಸಾವಿರದ್ದು ಏನೋ ಮಶೀನ್ ಕಳಸ್ಯಾರ, ಹೌದೋ ಅಲ್ಲೋ ಅಂದಾ. ನಾ ಏನ್ ಬಿಡ್ತೀನಿ? ಪುಣೇದಾಗ ನನಗ ಯಾರೂ ಇಲ್ಲ, ನಾ ಏನೂ ತರಿಸಿಲ್ಲ ಅಂತ ಹೇಳಿ ಫೋನ್ ಇಟ್ಟೆ. ನಿನ್ನ ನಾಲ್ಕೂ ರೂಲ್ ಪಾಲಿಸೀನಿ ನೋಡು."

ಮಂಚದ ಆ ಕಡೆ ಕೂತಿದ್ದ ಅಕ್ಕ ನನ್ನ ಮುಖ ನೋಡಿದಳು. ಅವಳಿಗೂ ಅರ್ಥವಾಗಿತ್ತು. ಯಂತ್ರದ ಅನುಮಾನವನ್ನು ಪರಿಹರಿಸಿಕೊಳ್ಳಲು ಅಂಗಡಿಯವರು, ನಮ್ಮ ವ್ಯವಸ್ಥೆಯಲ್ಲೂ ಇರುವ ಹಾಗೆ, ಒಬ್ಬ ಮನುಷ್ಯನ ಕೈಯಲ್ಲಿ ಫೋನ್ ಮಾಡಿಸಿದ್ದರು. ಅವನು ಪ್ರಾಮಾಣಿಕ. ಕೇಳಿದ್ದೆಲ್ಲ ಕೇಳಬೇಕಾದದ್ದೇ. ಅಪ್ಪನೂ ಪ್ರಾಮಾಣಿಕರು, ಹೇಳಿದ್ದೆಲ್ಲ ಹೇಳಬೇಕಾದದ್ದೇ. ಎರಡೂ ಕಡೆಯವರು ತಮ್ಮ ತಮ್ಮ ನಿಯಮ ಪಾಲಿಸಿದ್ದರಿಂದ ಅವ್ವನ ಯಂತ್ರ ಗೋದಾಮಿನಲ್ಲೇ ಉಳಿಯಿತು.

"ಚಲೋ ಮಾಡಿದ್ರಿ ಅಪ್ಪಾ" ಅಂದೆ. ನಿಜ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. 62 ಸಾವಿರ ಹೋದ ಮೇಲೆ ಅಪ್ಪ ಗೆದ್ದ ಮೊದಲ ಆಟ ಅದು. ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಆ ದಿನದಿಂದ ಒಂದು ವಿಚಾರ ನನ್ನನ್ನು ಬಿಟ್ಟಿಲ್ಲ. ಕಳ್ಳನಿಗೆ ಕನ್ನಡ ಬರುತ್ತಿತ್ತು, ಅಸಲಿ ಕಂಪನಿಗೆ ಬರುತ್ತಿರಲಿಲ್ಲ. ಕಳ್ಳ ಊಟ ಆಯಿತೇ ಅಂತ ವಿಚಾರಿಸಿದ, ಅಸಲಿಯವನಿಗೆ ಪುರುಸೊತ್ತು ಇರಲಿಲ್ಲ. ಅದನ್ನು ಬಿಟ್ಟರೆ ಅಪ್ಪನ ಕಿವಿಗೆ ಎರಡು ಕರೆಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ಇಬ್ಬರೂ ಅಪರಿಚಿತ ನಂಬರಿನಿಂದ ಮಾಡಿದರು, ಇಬ್ಬರಿಗೂ ಹೆಸರು, ಊರು ಗೊತ್ತಿತ್ತು, ಇಬ್ಬರೂ ನಿಮ್ಮ ಒಳ್ಳೆಯದಕ್ಕೇ ಅಂದರು. ನೀವು ನೀವೇ ಹೌದೇ ಅಂತ ಕೇಳಲು ಕಂಪನಿಗಳ ಬಳಿ ಹತ್ತು ಉಪಾಯಗಳಿವೆ. ನೀನು ನೀನೇ ಹೌದೇ ಅಂತ ತಿರುಗಿ ಕೇಳಲು ನಮ್ಮ ಬಳಿ ಒಂದೂ ಇಲ್ಲ. ಮೂರು ವರ್ಷ ಆ ಕೆಲಸ ಮಾಡಿದ ನನ್ನ ತಂಡದಲ್ಲಿ, ನಾನೂ ಸೇರಿ, ಒಬ್ಬರಿಗೂ ಈ ಎರಡನೆಯ ಪ್ರಶ್ನೆ ಹೊಳೆದಿರಲಿಲ್ಲ.

ಆಸ್ಪತ್ರೆಯ ಎದುರಿನ ಅಂಗಡಿಗೆ ಹೋದೆ. ಭಾನುವಾರವೂ ತೆರೆದಿತ್ತು. ಯಂತ್ರ ಬಾಡಿಗೆಗೂ ಸಿಗುತ್ತದೆ ಅಂತ ಅಲ್ಲಿಯೇ ಗೊತ್ತಾದದ್ದು. ಅಂಗಡಿಯವರು ಮೊದಲು ಕೇಳಿದ್ದು ಆಧಾರ್ ಕಾರ್ಡಲ್ಲ. "ಯಾವೂರ್ರೀ? ಯಾರ ಪೈಕಿ?" ನವಲಗುಂದ, ಇಂಥ ಮಾಸ್ತರ ಮಗ ಅಂದೆ. ಅವರ ಹೆಂಡತಿಯ ತವರು ನವಲಗುಂದ. ಒಳಗಿನಿಂದ ಅವರಿಗೇ ಫೋನ್ ಹಚ್ಚಿ ಕೇಳಿದರು. "ಹೌದಂತ್ರಿ, ಅವರ ಕಡೇನ ಕಲತಾಳಂತ" ಅಂತ ನಗುತ್ತಾ ಹೊರಬಂದು, ಅರ್ಧ ತಾಸಿನಲ್ಲಿ ಯಂತ್ರವನ್ನು ಚಾಲೂ ಮಾಡಿ ತೋರಿಸಿದರು. ಹಾಗಂತ ಆಧಾರದ ಝೆರಾಕ್ಸು, ಹತ್ತು ಸಾವಿರ ಡಿಪಾಜಿಟ್ಟು ಬಿಡಲಿಲ್ಲ. ಸೋಮವಾರ ಮಧ್ಯಾಹ್ನ ಅವ್ವ ನವಲಗುಂದದ ಮನೆಯಲ್ಲಿದ್ದಳು.

ಇಲ್ಲಿಗೆ ನಿಲ್ಲಿಸಿ, ಊರಿನ ನಂಬಿಕೆಯ ಮುಂದೆ ಯಂತ್ರ ಏನು ಮಹಾ ಅಂತ ಬರೆದರೆ ಓದಲು ಹಿತವಾಗಿರುತ್ತದೆ. ಆದರೆ ಅದು ಪೂರ್ತಿ ನಿಜವಲ್ಲ. "ಯಾರ ಪೈಕಿ" ಅನ್ನುವುದೂ ಒಂದು ಪರಿಶೀಲನೆಯೇ. ಚಿಕ್ಕಂದಿನಲ್ಲಿ ನಮ್ಮ ಪ್ಯಾಟಿಯ ಕಿರಾಣಿ ಅಂಗಡಿಯಲ್ಲಿ "ಇಂದು ನಗದು, ನಾಳೆ ಉದ್ರಿ" ಎಂಬ ಬೋರ್ಡಿನ ಕೆಳಗೇ ನನಗೆ ಉದ್ರಿ ಸಿಗುತ್ತಿತ್ತು. ಮಾಸ್ತರ ಮಗ ಅಂದರೆ ಸಾಕು, ಬೆಲ್ಲ, ಎಣ್ಣೆ ಎಲ್ಲ ಬರೆದುಕೊಂಡು ಕೊಡುತ್ತಿದ್ದರು. ನನ್ನ ವರ್ಗದಲ್ಲೇ ಓದುತ್ತಿದ್ದ, ಊರಾಚೆಯ ಕೇರಿಯ ಹುಡುಗನೊಬ್ಬ ಅದೇ ಅಂಗಡಿಯ ಕಟ್ಟೆಯ ಕೆಳಗೆ ನಿಂತು ಮೊದಲು ದುಡ್ಡು ಇಟ್ಟು, ಆಮೇಲೆ ಸಾಮಾನು ತೆಗೆದುಕೊಳ್ಳುತ್ತಿದ್ದ. ಅವನ ಅಪ್ಪ ಯಾರಿಗೂ ಒಂದು ಪೈಸೆ ಬಾಕಿ ಇಟ್ಟವನಲ್ಲ. ಅವನಿಗೆ ಯಾಕೆ ಉದ್ರಿ ಇಲ್ಲ ಅನ್ನುವ ಕಾರಣ ಆಗಲೂ ಯಾವ ಸ್ಕ್ರೀನಿನಲ್ಲೂ ಕಾಣುತ್ತಿರಲಿಲ್ಲ. ಕಾಣದಿದ್ದರೂ ಎಲ್ಲರಿಗೂ ಗೊತ್ತಿತ್ತು. ಮೂರು ದಿನ ಕೈಯಲ್ಲಿ ದುಡ್ಡು ಹಿಡಿದುಕೊಂಡು ಕಟ್ಟೆಯ ಕೆಳಗೆ ನಿಂತಾಗ ನನಗೆ ಅವನ ನೆನಪಾಯಿತು. ನನ್ನದು ಮೂರು ದಿನ, ಅವನದು ಇಡೀ ಬಾಲ್ಯ.

ಹಾಗಾಗಿ ಯಂತ್ರದ ಮೇಲೆ ನನಗೆ ಪೂರ್ತಿ ಸಿಟ್ಟಿಲ್ಲ. ಅದು ಜಾತಿ ಕೇಳುವುದಿಲ್ಲ, ಕಟ್ಟೆಯ ಮೇಲೆ ಯಾರು, ಕೆಳಗೆ ಯಾರು ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಪಿನ್‌ಕೋಡ್ ಕೇಳುತ್ತದೆ. ಯಾವ ಪಿನ್‌ಕೋಡಿಗೆ ಎಷ್ಟು ಅಂಕ ಅನ್ನುವುದನ್ನು ಎಲ್ಲೋ ಒಂದು ಕೋಣೆಯಲ್ಲಿ ನನ್ನಂಥ ನಾಲ್ಕು ಜನ ಕೂತು ಒಪ್ಪಿರುತ್ತಾರೆ. ಕಿರಾಣಿ ಅಂಗಡಿಯವನ ಮುಂದೆ ನಿಂತು ಜಗಳವನ್ನಾದರೂ ಆಡಬಹುದಿತ್ತು.

ಪುಣೆಗೆ ಮರಳಿದ ಮೇಲೆ ನಮ್ಮ ಗ್ರಾಹಕ ಕಂಪನಿಯ ಮುಂದೆ ಎರಡು ಸಣ್ಣ ಸಲಹೆ ಇಟ್ಟೆ. ತಡೆದ ಆರ್ಡರಿನ ಬಗ್ಗೆ ಮೊದಲು ಫೋನ್ ಮಾಡಬೇಕಾದದ್ದು ಮಾಲು ಪಡೆಯುವವರಿಗಲ್ಲ, ದುಡ್ಡು ಕೊಟ್ಟವರಿಗೆ. ಫೋನ್ ಮಾಡುವ ಮೊದಲು ಅವರ ಆ್ಯಪಿನಲ್ಲಿ ಎರಡಂಕಿಯ ಒಂದು ಸಂಖ್ಯೆ ಕಾಣಿಸಲಿ, ಫೋನ್ ಮಾಡಿದವರು ಮೊದಲು ಆ ಸಂಖ್ಯೆ ಹೇಳಲಿ, ಆಮೇಲೆ ಪ್ರಶ್ನೆ ಕೇಳಲಿ. ನಾವು ಒಟಿಪಿ ಹೇಳುವ ಹಾಗೆ ಅವರೂ ಒಂದು ಒಟಿಪಿ ಹೇಳಲಿ ಅಂದೆ. ಎಲ್ಲರೂ ಒಳ್ಳೆಯ ವಿಚಾರ ಅಂದರು. ಮೊದಲನೆಯದು ಜಾರಿಗೆ ಬಂತು. ಎರಡನೆಯದು ಫೇಸ್ ಟೂ ಪಟ್ಟಿಗೆ ಹೋಯಿತು. ಈ ಧಂಧೆಯಲ್ಲಿ ಇದ್ದವರಿಗೆ ಫೇಸ್ ಟೂ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದೂ ಒಂದು ನಮೂನೆಯ "ನಾಳೆ ಉದ್ರಿ".

ನಮ್ಮ ಮನೆಯಲ್ಲಿ ಮಾತ್ರ ಅದನ್ನು ಜಾರಿಗೆ ತಂದಿದ್ದೇವೆ. ಕಪಾಟಿನ ಹಾಳೆಯಲ್ಲಿ ಮೂರನೆಯ ಮತ್ತು ನಾಲ್ಕನೆಯ ನಿಯಮಗಳಿಗೆ ನಾನೇ ಗೆರೆ ಎಳೆದು, ಹೊಸದೊಂದು ಬರೆದೆ: ಯಾರೇ ಮಗನ ಹೆಸರು ಹೇಳಿಕೊಂಡು ಫೋನ್ ಮಾಡಿದರೂ, ಮಗನದೇ ದನಿ ಇದ್ದರೂ, ಮೊದಲು ನಮ್ಮ ಹಳೆಯ ಎತ್ತಿನ ಹೆಸರು ಕೇಳಬೇಕು. ಹೊಲ ಮಾರುವವರೆಗೆ ನಮ್ಮಲ್ಲಿದ್ದ ಎತ್ತು. ಅದರ ಹೆಸರು ನಮ್ಮ ನಾಲ್ವರನ್ನು ಬಿಟ್ಟು ಈಗ ಯಾರಿಗೂ ನೆನಪಿರಲಿಕ್ಕಿಲ್ಲ. ಇಲ್ಲಿ ಬರೆಯಲಾರೆ, ಕ್ಷಮಿಸಬೇಕು.

ಅಪ್ಪ ನಿಯಮವನ್ನು ನಿಯಮದ ಹಾಗೇ ಪಾಲಿಸುತ್ತಾರೆ. ಪ್ರತಿ ಭಾನುವಾರ ನಾನು ವಿಡಿಯೋ ಕಾಲ್ ಮಾಡಿದಾಗಲೂ, ನನ್ನ ಮುಖ ಪರದೆಯ ತುಂಬ ಕಾಣುತ್ತಿದ್ದರೂ, ಮೊದಲು ಎತ್ತಿನ ಹೆಸರು ಹೇಳಬೇಕು. ಹಿಂದೆ ಯಂತ್ರದ ಸಣ್ಣ ಗುಂಯ್ ಸದ್ದು ಕೇಳಿಸುತ್ತಿರುತ್ತದೆ. ಹೇಳುತ್ತೇನೆ. ಅಪ್ಪ ಒಂದು ಗಳಿಗೆ ಕನ್ನಡಕದೊಳಗಿಂದ ನೋಡಿ, "ಹಾಂ, ಸರಿ ಐತಿ, ಮಾತಾಡು" ಅನ್ನುತ್ತಾರೆ. ಮೊನ್ನೆ ನಾನು ತಮಾಷೆಗೆ, "ಅಪ್ಪಾ, ನೀವೂ ಹೇಳ್ರಿ ಮತ್ತ, ನೀವು ಹೌದೋ ಅಲ್ಲೋ ನನಗ ಹೆಂಗ ಗೊತ್ತಾಗಬೇಕು?" ಅಂದೆ. ಅಪ್ಪ ಗಂಭೀರವಾಗಿ ಎತ್ತಿನ ಹೆಸರು ಹೇಳಿದರು. ಆಮೇಲೆ, ಅದು ಯಾವ ವರ್ಷ ತಂದದ್ದು, ಯಾವ ಜಾತ್ರೆಯಲ್ಲಿ ಕೊಂಡದ್ದು, ಮಾರಿದ ದಿನ ಅವ್ವ ಹೇಗೆ ಒಲೆ ಹಚ್ಚಲಿಲ್ಲ ಅಂತ ಮುಕ್ಕಾಲು ತಾಸು ಮಾತಾಡಿದರು. ನಾನು ಫೋನ್ ಇಡಲಿಲ್ಲ.